ದೀಪಗಳ ಸಾಕ್ಷ್ಯ: ದೇವನೂರ ಮಹಾದೇವರ ‘ಕುಸುಮಬಾಲೆ’ ಮತ್ತು ಕೊಳ್ಳೇಗಾಲ–ಹನೂರು–ಯಳಂದೂರು ಸೀಮೆಯ ಹಾಡುಪರಂಪರೆ

ಪೀಠಿಕೆ

ಧರ್ಮ ಮತ್ತು ಸಾಹಿತ್ಯದ ಸಂಬಂಧವನ್ನು ಕುರಿತ ತರಗತಿಗಾಗಿ ನಾವು ಕೆಲವು ವಿದ್ಯಾರ್ಥಿಗಳು ಸೇರಿ ದೇವನೂರ ಮಹಾದೇವರ ಬದುಕು ಮತ್ತು ಬರಹವನ್ನು ಅಭ್ಯಾಸಕ್ಕೆ ಆರಿಸಿಕೊಂಡೆವು. ಅದಕ್ಕೆ ಹಿಂದಿನ ವಾರಗಳಲ್ಲಿ ಕಾಫ್ಕಾನ ಕತೆಗಳನ್ನು ಓದಿದ್ದೆವು. ಬೆಳಗಾಗುವಷ್ಟರಲ್ಲಿ ಹುಳುವಾಗಿ ಮಾರ್ಪಟ್ಟಿದ್ದ ಮನುಷ್ಯನ ಕತೆ ಇನ್ನೂ ನಮ್ಮ ಮನಸ್ಸಿನಲ್ಲಿತ್ತು. ಆದುದರಿಂದ ‘ಕುಸುಮಬಾಲೆ’ಯಲ್ಲಿ ರಾತ್ರಿಯ ಹೊತ್ತು ಮನೆಮನೆಯ ದೀಪಗಳು, ಅಂದರೆ ಜೋತಮ್ಮಗಳು, ಒಂದೆಡೆ ಕೂಡಿ ತಾವು ಕಂಡದ್ದನ್ನು ಆಡಿಕೊಳ್ಳುವ ಭಾಗಕ್ಕೆ ಬಂದಾಗ ನಮಗೆ ಹೆಚ್ಚು ಯೋಚಿಸಬೇಕೆನಿಸಲಿಲ್ಲ. ಇದು ಅತಿವಾಸ್ತವವಾದ, ಪಶ್ಚಿಮದ ಆಧುನಿಕತೆಯ ಕನ್ನಡ ರೂಪ ಎಂದು ಬರೆದು ಮೊದಲ ಕರಡನ್ನು ಗುರುಗಳ ಕೈಗಿತ್ತೆವು. ಅವರು ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು: ಆ ಸೀಮೆಯಲ್ಲಿ ದೀಪಗಳು ಮಾತನಾಡುತ್ತವೆಂಬುದನ್ನು ಈ ಕಾದಂಬರಿಗೆ ಮೊದಲು ಯಾರೂ ಹೇಳಿರಲಿಲ್ಲವೇ?

ಈ ಪ್ರಬಂಧವು ಆ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರವಾಗಿದೆ. ನಾವು ಅತಿವಾಸ್ತವವೆಂದು ಕರೆದದ್ದು ಕೊಳ್ಳೇಗಾಲ, ಹನೂರು, ಯಳಂದೂರುಗಳ ಹಾಡುಪರಂಪರೆಯಲ್ಲಿ ಬಹುಕಾಲದಿಂದ ಸಾಕ್ಷ್ಯ ನುಡಿಯುವ ಒಂದು ಕ್ರಮವಾಗಿದೆ. ಹಗಲಿನ ಊರು ಹೇಳಲಾರದ್ದನ್ನು ಹೇಳುವುದಕ್ಕಾಗಿಯೇ ಅದು ರೂಪುಗೊಂಡಿದೆ. ಮತ್ತು ಸತ್ಯವೇದವನ್ನು ಓದುವ ನಾವು ಅದನ್ನು ಕೇಳಿದ ಮಾತ್ರಕ್ಕೇ ಗುರುತಿಸಬೇಕಾಗಿತ್ತು ಎಂಬುದು ನಮ್ಮ ವಾದ.

1. ಲೇಖಕ ಮತ್ತು ಕಾಲ

ಮಹಾದೇವರು 1948ರಲ್ಲಿ ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಜನಿಸಿದರು. ಅವರ ಮೊದಲ ಕಥಾಸಂಕಲನ ‘ದ್ಯಾವನೂರು’ ಪ್ರಕಟವಾದದ್ದು 1973ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗವನ್ನು ‘ಬೂಸಾ’ ಎಂದದ್ದರಿಂದ ರಾಜ್ಯವೇ ಗದ್ದಲಕ್ಕೆ ಸಿಕ್ಕಿತು. ಅವರು ಅಧಿಕಾರವನ್ನು ತ್ಯಜಿಸಬೇಕಾಯಿತು. ಆ ಗದ್ದಲದ ಅನುಭವವೇ ದಲಿತ ಲೇಖಕರನ್ನೂ ವಿದ್ಯಾರ್ಥಿಗಳನ್ನೂ ಒಟ್ಟುಗೂಡಿಸಿತು. ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು, ಮಹಾದೇವರು ಅದರ ಕಟ್ಟುವಿಕೆಯಲ್ಲಿ ಭಾಗಿಯಾದರು. ಲೋಹಿಯಾ ಅವರ ಸಮಾಜವಾದ, ಅಂಬೇಡ್ಕರರ ಚಿಂತನೆ ಮತ್ತು ಅಲ್ಲಮನ ನುಡಿ, ಈ ಮೂರೂ ಅವರ ಬರಹದಲ್ಲಿ ಕೂಡಿಕೊಂಡಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಕೆಲಸ ಮಾಡಿ, ಬಳಿಕ ಅದನ್ನು ಬಿಟ್ಟು ಅವರು ಬೇಸಾಯಕ್ಕೆ ತೊಡಗಿದರು.

ಬರೆದದ್ದು ಬಹಳ ಕಡಮೆ. ಅಮಾವಾಸ್ಯೆಯಂದು ಹುಟ್ಟಿದ ಅನಾಥ ಬಾಲಕ ‘ಅಮಾಸ’ನ ಕತೆ, ಕಳೆದುಹೋದ ಹುಂಜವನ್ನು ಹುಡುಕುತ್ತಾ ಕೇರಿಯನ್ನೆಲ್ಲ ಸುತ್ತುವ ಮುದುಕಿ ಸಾಕವ್ವನ ‘ಒಡಲಾಳ’, ಅನಂತರ 1980ರ ದಶಕದ ‘ಕುಸುಮಬಾಲೆ’. ಕೊನೆಯದಕ್ಕೆ 1990ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 2010ರಲ್ಲಿ ನೃಪತುಂಗ ಪ್ರಶಸ್ತಿಯನ್ನು, ಪ್ರಾಥಮಿಕ ಶಿಕ್ಷಣವು ಕನ್ನಡ ಮಾಧ್ಯಮದಲ್ಲಿ ನೆಲೆಗೊಳ್ಳದಿರುವ ಕಾರಣವನ್ನು ಮುಂದಿಟ್ಟು, ಅವರು ಒಪ್ಪಿಕೊಳ್ಳಲಿಲ್ಲ. 2015ರಲ್ಲಿ, ದೇಶದ ಅನೇಕ ಲೇಖಕರು ಅಸಹಿಷ್ಣುತೆಯನ್ನು ಪ್ರತಿಭಟಿಸಿದ ಸಂದರ್ಭದಲ್ಲಿ, ಅಕಾಡೆಮಿ ಪ್ರಶಸ್ತಿಯನ್ನೂ ಪದ್ಮಶ್ರೀಯನ್ನೂ ಹಿಂದಿರುಗಿಸಿದರು. ಕಡಮೆ ಬರೆಯುವುದೂ ಗೌರವವನ್ನು ಮರಳಿಸುವುದೂ ಒಂದೇ ಸ್ವಭಾವದ ಎರಡು ಮುಖಗಳೆಂದು ನಮಗೆ ತೋರುತ್ತದೆ. ಮಾತಿಗೆ ಬೆಲೆಯುಂಟೆಂದು ನಂಬಿದವನು ಅದನ್ನು ಅಗ್ಗವಾಗಿ ಆಡಲಾರ.

‘ಕುಸುಮಬಾಲೆ’ಯ ಕಥಾಬೀಜವನ್ನು ಸಂಕ್ಷೇಪವಾಗಿ ಹೇಳಬಹುದು. ಹೊಲೆಗೇರಿಯ ಚೆನ್ನ ಎಂಬ ಯುವಕನಿಗೂ ಮೇಲುಜಾತಿಯ ಮನೆಯ ಕುಸುಮಳಿಗೂ ಪ್ರೇಮವುಂಟಾಗುತ್ತದೆ, ಕುಸುಮಳಿಗೆ ಮಗು ಹುಟ್ಟುತ್ತದೆ, ಚೆನ್ನ ಕೊಲೆಯಾಗುತ್ತಾನೆ. ಆದರೆ ಕತೆಯು ಈ ಕ್ರಮದಲ್ಲಿ ನಡೆಯುವುದಿಲ್ಲ. ಹಲವು ತಲೆಮಾರುಗಳ ನೆನಪು, ಕೇರಿಯ ಹರಟೆ, ಕನಸು, ದೀಪಗಳ ಕೂಟ ಇವೆಲ್ಲದರ ನಡುವಿನಿಂದ ಆ ಕೊಲೆ ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ. ಭಾಷೆಯೋ ನಂಜನಗೂಡು–ಚಾಮರಾಜನಗರ ಸೀಮೆಯ ಆಡುನುಡಿ. ಗದ್ಯವೆಂದು ಅಚ್ಚಾಗಿದ್ದರೂ ಗಟ್ಟಿಯಾಗಿ ಓದಿದರೆ ಹಾಡಿನ ನಡೆ. ನಮ್ಮಲ್ಲಿ ಕರಾವಳಿಯಿಂದ ಬಂದವರು ಮೊದಲ ಪುಟಗಳಲ್ಲೇ ಸೋತರು. ಆ ಸೀಮೆಯವಳಾದ ಸಹಪಾಠಿಯೊಬ್ಬಳು ಓದಿ ಹೇಳಿದಾಗಲೇ ಅದು ನಮಗೆ ತೆರೆದುಕೊಂಡಿತು. ಆಕೆ ಓದುತ್ತಿರುವಾಗ, ಇದು ತನ್ನ ಅಜ್ಜಿ ತಂಬೂರಿಯವರ ಹಾಡನ್ನು ನೆನಪಿಸಿಕೊಳ್ಳುವ ರೀತಿಯಂತೆಯೇ ಇದೆ ಎಂದಳು. ನಮ್ಮ ವಿಚಾರಣೆ ನಂಜನಗೂಡಿನಿಂದ ಪೂರ್ವಕ್ಕೆ, ತಂಬೂರಿಯವರ ಸೀಮೆಯತ್ತ ತಿರುಗಿದ್ದು ಆ ಮಾತಿನಿಂದ.

2. ಗಡಿಗಳು ಮತ್ತು ಹಾಡುಗಳು

ಇಂದು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಆ ಜಿಲ್ಲೆಯೇ 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟದ್ದು. ಹನೂರು ಇತ್ತೀಚಿನವರೆಗೆ ಕೊಳ್ಳೇಗಾಲ ತಾಲ್ಲೂಕಿನೊಳಗಿತ್ತು. ಇನ್ನೂ ಹಿಂದಕ್ಕೆ ಹೋದರೆ ಈ ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. 1799ರಲ್ಲಿ ಟಿಪ್ಪುವಿನ ಪತನದ ತರುವಾಯ ಕೊಳ್ಳೇಗಾಲವು ಬ್ರಿಟಿಷರ ಪಾಲಿಗೆ ಬಂದು, ಮದ್ರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ನಂಜನಗೂಡು ಮೈಸೂರು ಅರಸರ ನೇರ ಆಡಳಿತದಲ್ಲಿತ್ತು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಮಹಾದೇವರು ಎಂಟು ವರ್ಷದ ಬಾಲಕನಾಗುವವರೆಗೂ ನೆರೆಯ ಕೊಳ್ಳೇಗಾಲ ಬೇರೊಂದು ರಾಜ್ಯದ ಭೂಭಾಗ.

ಈ ಗಡಿಗಳನ್ನು ಲೆಕ್ಕಿಸದೆ ನಡೆದಾಡಿದವರು ಹಾಡುಗಾರರು. ಮಂಟೇಸ್ವಾಮಿಯ ಕಾವ್ಯವನ್ನು ತಂಬೂರಿ ಗಗ್ಗರಗಳೊಡನೆ ಹಾಡುವ ನೀಲಗಾರರು ಮತ್ತು ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯೊಡನೆ ಹಾಡುವ ದೇವರಗುಡ್ಡರು ಈ ಸೀಮೆಯ ನಿಜವಾದ ಚರಿತ್ರಕಾರರು. ನೀಲಗಾರರಲ್ಲಿ ಹೆಚ್ಚಿನವರು ದಲಿತ ಸಮುದಾಯದವರು. ಆದರೆ ದೀಕ್ಷೆ ಇತರ ಜಾತಿಗಳವರಿಗೂ ತೆರೆದಿದೆ.

ಮಂಟೇಸ್ವಾಮಿಯ ಕಾವ್ಯದಲ್ಲಿ ಕಲ್ಯಾಣದ ಪ್ರಸಂಗ ಅತ್ಯಂತ ಮಾರ್ಮಿಕವಾದದ್ದು. ಬಸವಣ್ಣನ ಕಲ್ಯಾಣವು ಶರಣರಿಂದ ತುಂಬಿ ತುಳುಕುತ್ತಿದೆ. ಅಲ್ಲಿ ನಿಜವಾದ ಶರಣರು ಎಷ್ಟು ಮಂದಿ ಎಂದು ಪರೀಕ್ಷಿಸಲು ಮಂಟೇಸ್ವಾಮಿ ಬರುತ್ತಾನೆ. ಆದರೆ ಬರುವುದು ಮೈಯೆಲ್ಲ ಹುಣ್ಣಾದ, ನೊಣ ಮುತ್ತಿದ, ಯಾರೂ ಹತ್ತಿರ ಬಾರದ ಹೊಲೆಯನ ರೂಪದಲ್ಲಿ. ಬಾಗಿಲು ಕಾಯುವವರು ಅವನನ್ನು ಹೊಡೆದು ಹೊರದೂಡುತ್ತಾರೆ. ಸಮಾನತೆಯ ಹೆಸರಿನಲ್ಲಿ ಕಟ್ಟಿದ ಪಟ್ಟಣದ ಬಾಗಿಲಲ್ಲೇ ಸಮಾನತೆಯು ಸೋಲುತ್ತದೆ. ಕೊನೆಗೆ ಬಸವಣ್ಣನೂ ನೀಲಮ್ಮನೂ ಅವನನ್ನು ಗುರುತಿಸಿ ಬರಮಾಡಿಕೊಳ್ಳುತ್ತಾರೆ. ಮಂಟೇಸ್ವಾಮಿಯನ್ನು ವಿದ್ವಾಂಸರು ಸಾಮಾನ್ಯವಾಗಿ 15–16ನೆಯ ಶತಮಾನದವನೆಂದು ಎಣಿಸುತ್ತಾರೆ. ಬಸವಣ್ಣ 12ನೆಯ ಶತಮಾನದವನು. ಕಾಲಗಣನೆಯಿಂದ ನೋಡಿದರೆ ಈ ಭೇಟಿ ಅಸಂಭವ. ಆದರೆ ಹಾಡಿನ ಕಾಳಜಿ ಕಾಲಗಣನೆಯದಲ್ಲ. ಒಂದು ಮಹಾ ಸುಧಾರಣೆಯು ಮುಂದಿನ ತಲೆಮಾರುಗಳಲ್ಲಿ ಹೊರಗಿನವರನ್ನು ಹೇಗೆ ನಡೆಸಿಕೊಂಡಿತು ಎಂಬ ತೀರ್ಪನ್ನು ಅದು ಹೊರಗಿನವರ ಬಾಯಿಂದ ನುಡಿಸುತ್ತದೆ.

ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಗದ್ದಿಗೆ ಹನೂರು ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿದೆ. ಸಿದ್ಧಪ್ಪಾಜಿ ಮೊದಲು ಹಲಗೂರಿನ ಕಮ್ಮಾರರ ಮಗ ಕೆಂಪಾಚಾರಿ. ಗುರುವಿಗಾಗಿ ತನ್ನವರ ಬಳಿಗೇ ಕಬ್ಬಿಣದ ಭಿಕ್ಷೆಗೆ ಹೋಗಿ ಅವರಿಂದ ಚಿತ್ರಹಿಂಸೆಪಟ್ಟವನೆಂದು ಹಾಡು ಹೇಳುತ್ತದೆ. ಜನವರಿಯ ಸುಮಾರಿಗೆ ಬನದ ಹುಣ್ಣಿಮೆಯಂದು ಅಲ್ಲಿ ಐದು ದಿನಗಳ ಜಾತ್ರೆ ಆರಂಭವಾಗುತ್ತದೆ. ಮೊದಲ ರಾತ್ರಿ ಚಂದ್ರಮಂಡಲವನ್ನು ಹೊತ್ತಿಸುತ್ತಾರೆ. ಅದರ ಜ್ವಾಲೆ ಯಾವ ದಿಕ್ಕಿಗೆ ವಾಲಿ ಉರಿಯುತ್ತದೋ ಆ ಸೀಮೆಗೆ ಮಳೆಬೆಳೆ ಚೆನ್ನಾಗುತ್ತದೆಂಬ ನಂಬಿಕೆಯಿದೆ. ಮತ್ತೊಂದು ದಿನ ಪಂಕ್ತಿಸೇವೆ: ಹಲವು ಜಾತಿಗಳವರು ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಮಂಟೇಸ್ವಾಮಿಗೆ ಹಾಡಿನಲ್ಲಿರುವ ಒಂದು ಹೆಸರು ಪರಂಜ್ಯೋತಿ. ಬೆಂಕಿ ಮಾತನಾಡುತ್ತದೆ, ದೀಪಕ್ಕೆ ತಿಳಿದಿದೆ ಎಂಬುದು ಈ ಜನರಿಗೆ ಅದ್ಭುತದ ಸಂಗತಿಯೇ ಅಲ್ಲ. ಅವರು ಪ್ರತಿವರ್ಷ ಹೊಲದ ಭವಿಷ್ಯವನ್ನು ಅದರಲ್ಲಿ ಓದುತ್ತಾರೆ.

ಹನೂರಿನಿಂದ ಮುಂದೆ ಮಲೆಮಹದೇಶ್ವರ ಬೆಟ್ಟದ ಎಪ್ಪತ್ತೇಳು ಮಲೆಗಳು. ಮಾದೇಶ್ವರನ ಕಾವ್ಯದಲ್ಲಿ ಸೋಲಿಗರ ಸಂಕಮ್ಮನ ಕತೆಯಿದೆ. ಜೇನು ಕೀಳಲು ಕಾಡಿಗೆ ಹೊರಟ ಗಂಡ ನೀಲೇಗೌಡ ಅವಳ ಶೀಲಕ್ಕಾಗಿ ಭಾಷೆ ಕೇಳುತ್ತಾನೆ. ಅವಳು ಕೊಡದಿದ್ದಾಗ ಹಿಂಸಿಸುತ್ತಾನೆ. ಮಾದೇಶ್ವರ ಅವಳ ಮೊರೆ ಕೇಳಿ ಬಂದು ಇಬ್ಬರು ಮಕ್ಕಳ ಭಾಗ್ಯ ಕೊಡುತ್ತಾನೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಇನ್ನೊಂದು ಕತೆ: ರಂಗಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಒಲಿದು ಕೈಹಿಡಿದನು, ಆದುದರಿಂದ ಸೋಲಿಗರು ಇಂದಿಗೂ ಅವನನ್ನು ‘ಭಾವ’ ಎಂದು ಕರೆಯುತ್ತಾರೆ. ಅಲ್ಲಿ ದೇವರಿಗೆ ದೊಡ್ಡ ತೊಗಲಿನ ಪಾದುಕೆಗಳನ್ನು ಒಪ್ಪಿಸುತ್ತಾರೆ. ಆ ಪಾದುಕೆಗಳನ್ನು ಭಕ್ತರು ತಲೆಯ ಮೇಲೆ ಇರಿಸಿಕೊಳ್ಳುತ್ತಾರೆ. ಕುಸುಮಾಲೆ, ಕುಸುಮಬಾಲೆ ಎಂಬ ಹೆಸರುಗಳ ಸಾಮ್ಯವನ್ನೇ ಪುರಾವೆಯಾಗಿ ಹಿಡಿಯುವುದು ಚರಿತ್ರೆಯ ವಿದ್ಯಾರ್ಥಿಗಳಿಗೆ ತರವಲ್ಲ. ಆದರೆ ಎರಡು ಕತೆಗಳ ನಡುವಣ ಅಂತರವನ್ನು ಗಮನಿಸಬಹುದು. ಬೆಟ್ಟದ ಮೇಲೆ ದೇವರು ಜಾತಿಯ ಗೆರೆಯನ್ನು ದಾಟಿದಾಗ ಅವನು ಭಾವನಾದನು. ಬಯಲಿನ ಊರಿನಲ್ಲಿ ಚೆನ್ನನು ಅದೇ ಗೆರೆಯನ್ನು ದಾಟಿದಾಗ ಹೆಣವಾದನು.

3. ದೀಪಗಳು ಏಕೆ ಮಾತನಾಡುತ್ತವೆ?

ರಾತ್ರಿ ಆರಿಸಿದ ದೀಪಗಳು ಗುಡಿಯಲ್ಲಿ ಕೂಡಿ ಹರಟುವ ಕಲ್ಪನೆ ಕನ್ನಡದ ಅಜ್ಜಿಕತೆಗಳಲ್ಲಿದೆ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕತೆಯಲ್ಲಿ ಹೆಂಗಸೊಬ್ಬಳಿಗೆ ಒಂದು ಕತೆಯೂ ಒಂದು ಹಾಡೂ ಗೊತ್ತಿರುತ್ತವೆ. ಅವಳು ಯಾರಿಗೂ ಹೇಳುವುದಿಲ್ಲ. ಅವು ಮುನಿದು, ಅವಳ ಬಾಯಿಂದ ಹೊರಬಿದ್ದು, ಮನೆಯ ಬಾಗಿಲಲ್ಲಿ ಗಂಡಸಿನ ಪಾದರಕ್ಷೆಯೂ ಮೇಲಂಗಿಯೂ ಆಗಿ ನಿಲ್ಲುತ್ತವೆ. ಗಂಡ ಶಂಕಿಸಿ ಜಗಳವಾಡಿ ಗುಡಿಗೆ ಹೋಗಿ ಮಲಗುತ್ತಾನೆ. ಅಲ್ಲಿ ಊರ ದೀಪಗಳು ಸೇರಿ ಆಡಿಕೊಂಡದ್ದರಿಂದ ಅವನಿಗೆ ನಿಜ ತಿಳಿಯುತ್ತದೆ. ಗಿರೀಶ ಕಾರ್ನಾಡರು ‘ನಾಗಮಂಡಲ’ದ ಆರಂಭದಲ್ಲಿ ಇದನ್ನೇ ಬಳಸಿಕೊಂಡರು. ಹೀಗಿರುವಾಗ, 1924ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಣಾಳಿಕೆ ಹೊರಡಿಸಿದ ಚಳುವಳಿಯೊಂದರಿಂದ ಕನ್ನಡದ ದೀಪಗಳು ಮಾತು ಕಲಿಯಬೇಕಾಗಿರಲಿಲ್ಲ. ಮಹಾದೇವರು ಆಧುನಿಕ ಲೇಖಕರಲ್ಲವೆಂದು ಇದರ ಅರ್ಥವಲ್ಲ. ನವ್ಯರಿಂದ ಅವರು ಬಿಗಿಯನ್ನೂ ಒಡೆದ ಕಥನಕ್ರಮವನ್ನೂ ಪಡೆದಿದ್ದಾರೆ. ಆದರೆ ನವ್ಯರ ಕತೆಯಲ್ಲಿ ವಾಸ್ತವ ಕದಡುವುದು ಒಂಟಿ ಮನುಷ್ಯನ ಮನಸ್ಸು ಕದಡಿದಾಗ. ಇಲ್ಲಿ ಅದು ಕದಡುವುದು ಇಡೀ ಊರಿಗೆ ತಿಳಿದದ್ದನ್ನು ಯಾರೂ ಹೇಳಲಾಗದಿದ್ದಾಗ.

ಅಜ್ಜಿಕತೆಯಲ್ಲಿ ದೀಪಗಳು ನಿರಪರಾಧಿಯಾದ ಹೆಂಗಸನ್ನು ಶಂಕೆಯಿಂದ ಬಿಡಿಸುತ್ತವೆ. ಕಾದಂಬರಿಯ ಜೋತಮ್ಮಗಳಿಗೆ ಅಂತಹ ಸುಲಭದ ಕೆಲಸವಿಲ್ಲ. ಗೋಡೆಯ ಗೂಡಿನಲ್ಲಿ ಕುಳಿತು ಅವು ಮೇಲುಕೇರಿಯನ್ನೂ ಕೆಳಕೇರಿಯನ್ನೂ ಒಂದೇ ಬೆಳಕಿನಲ್ಲಿ ಕಂಡಿವೆ. ದೀಪಕ್ಕೆ ಜಾತಿಯಿಲ್ಲ, ಅದನ್ನು ನೋಡಿ ಯಾರೂ ಮಾತು ನಿಲ್ಲಿಸುವುದಿಲ್ಲ. ಆದುದರಿಂದಲೇ ಸಾಕ್ಷಿ ಹೇಳುವವರಿಗೆ ಅಪಾಯವಿರುವ ಊರಿನಲ್ಲಿ ಕತೆಗಾರನು ದೀಪವನ್ನು ಸಾಕ್ಷಿಕಟ್ಟೆಗೆ ಕರೆಯುತ್ತಾನೆ. ಇದು ಕಲ್ಪನೆಯ ವಿಲಾಸವಲ್ಲವೆಂಬುದಕ್ಕೆ ಚರಿತ್ರೆಯಿದೆ. ಕಾದಂಬರಿಗೆ ಪ್ರಶಸ್ತಿ ಬಂದ ಮೂರು ವರ್ಷಗಳಲ್ಲಿ, 1993ರಲ್ಲಿ, ಅದೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಮೂವರು ದಲಿತರು ಕೊಲೆಯಾದರು.

4. ಸತ್ಯವೇದದಲ್ಲಿ ಮಾತನಾಡುವ ವಸ್ತುಗಳು

ಇಷ್ಟರ ತರುವಾಯ ನಾವು ನಮ್ಮ ಗ್ರಂಥಕ್ಕೆ ಮರಳಿದಾಗ ನಾಚಿಕೊಳ್ಳಬೇಕಾಯಿತು. ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಕಾಯಿನನು ಏನೂ ಅರಿಯದವನಂತೆ ಉತ್ತರಿಸುತ್ತಾನೆ. ಹೇಬೆಲನ ರಕ್ತವು ನೆಲದಿಂದ ಕೂಗಿಕೊಳ್ಳುತ್ತದೆ. ನ್ಯಾಯಸ್ಥಾಪಕರು ಒಂಬತ್ತನೆಯ ಅಧ್ಯಾಯದಲ್ಲಿ ಎಪ್ಪತ್ತು ಮಂದಿ ಸಹೋದರರು ಒಂದೇ ಕಲ್ಲಿನ ಮೇಲೆ ಹತರಾದ ಮೇಲೆ, ತಪ್ಪಿಸಿಕೊಂಡು ಉಳಿದ ಯೋತಾಮನು ಗೆರಿಜ್ಜೀಮ್ ಬೆಟ್ಟದ ತುದಿಯಿಂದ ಮರಗಳು ಅರಸನನ್ನು ಹುಡುಕಿದ ಕತೆಯನ್ನು ಕೂಗಿ ಹೇಳಿ ಓಡಿಹೋಗುತ್ತಾನೆ. ಹಬಕ್ಕೂಕನ ಎರಡನೆಯ ಅಧ್ಯಾಯದಲ್ಲಿ ಅನ್ಯಾಯದ ಲಾಭದಿಂದ ಕಟ್ಟಿದ ಮನೆಯ ಗೋಡೆಯ ಕಲ್ಲು ಕೂಗುತ್ತದೆ, ತೊಲೆ ಅದಕ್ಕೆ ಉತ್ತರ ಕೊಡುತ್ತದೆ.

ಈ ಮೂರು ಸ್ಥಳಗಳನ್ನು ನಾವು ತರಗತಿಯಲ್ಲಿ ಅನೇಕ ಸಲ ಓದಿದ್ದೇವೆ. ಚೇತನಾರೋಪವೆಂಬ ಅಲಂಕಾರ, ದೃಷ್ಟಾಂತ, ಶೋಕವಾಣಿ ಎಂದು ಹೆಸರಿಟ್ಟಿದ್ದೇವೆ. ಆದರೆ ಮೂರರಲ್ಲೂ ಸಮಾನವಾದದ್ದು ಒಂದುಂಟು: ಮನುಷ್ಯರ ಬಾಯಿ ಮುಚ್ಚಿದಾಗಲೇ ವಸ್ತುಗಳು ಬಾಯಿ ತೆರೆಯುತ್ತವೆ. ಹಬಕ್ಕೂಕನ ತೊಲೆಯೂ ದೇವನೂರರ ದೀಪವೂ ಮನೆಯೊಳಗಿನ ಸಾಕ್ಷಿಗಳು. ಅಲಂಕಾರದ ಹೆಸರು ಹೇಳಿ ಮುಂದೆ ಹೋಗುವ ಓದು ಕೊಲೆಯನ್ನು ಕಾಣದೆಯೇ ಹೋಗುತ್ತದೆ. ‘ಕುಸುಮಬಾಲೆ’ಗೆ ಅತಿವಾಸ್ತವವೆಂಬ ಚೀಟಿ ಅಂಟಿಸಿ ನಾವು ಮಾಡಿದ್ದೂ ಅದನ್ನೇ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಹುಣ್ಣಾದ ಮೈಯಲ್ಲಿ ಬಂದು ಬಾಗಿಲಲ್ಲಿ ಹೊಡೆತ ತಿಂದ ಮಂಟೇಸ್ವಾಮಿಯನ್ನು ಕೇಳಿದೊಡನೆ ಯೆಶಾಯನ ನೊಂದ ಸೇವಕನನ್ನು ನೆನೆಯುವುದು ನಮಗೆ ಸಹಜ. ಆದರೆ ಅವನನ್ನು ಕ್ರಿಸ್ತನ ಮುನ್ನೆರಳೆಂದು ಬರೆದ ಕ್ಷಣವೇ ನೀಲಗಾರನ ಕೈಯಿಂದ ತಂಬೂರಿಯನ್ನು ಕಿತ್ತುಕೊಂಡಂತಾಗುತ್ತದೆ. ಕನ್ನಡಕ್ಕೆ ಮಿಷನರಿಗಳು ಮಾಡಿದ ಸೇವೆ ದೊಡ್ಡದು: ಮೋಗ್ಲಿಂಗರು ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದರು, ಕಿಟ್ಟೆಲರು 1894ರಲ್ಲಿ ನಿಘಂಟನ್ನು ಕೊಟ್ಟರು. ಆದರೆ ಅವರ ಶ್ರಮ ಬಹುಪಾಲು ತಾಳೆಗರಿಯ ಸುತ್ತ ನಡೆಯಿತು. ನೀಲಗಾರರ ಕಾವ್ಯ ಇದ್ದದ್ದು ಕಂಠದಲ್ಲಿ. ತಡವಾಗಿ ಕೇಳಲು ಬಂದ ನಾವು ಬಂದ ಕೂಡಲೇ ವ್ಯಾಖ್ಯಾನಕ್ಕೆ ಕೂರುವುದು ಸಲ್ಲದು. ಆ ಹಾಡು ಕಲ್ಯಾಣದ ಬಾಗಿಲಿಗೆ ಹಾಕಿದ ಪ್ರಶ್ನೆಯನ್ನು ಸಭೆಯ ಬಾಗಿಲಿಗೂ ಹಾಕುತ್ತದೆ. ಮೊದಲು ಆ ಪ್ರಶ್ನೆಗೆ ಉತ್ತರಿಸಬೇಕು.

5. ನಮ್ಮ ಪಾಲಿನ ಮೌನ

ಆ ಉತ್ತರವನ್ನು ಬೇರೆಯವರಿಂದ ಕೇಳುವ ಮೊದಲು ನಮ್ಮದನ್ನು ಹೇಳಬೇಕಾಗಿದೆ. ಕಾರ್ಯಾನುಭವಕ್ಕಾಗಿ ನಮ್ಮಲ್ಲಿ ಕೆಲವರು ಒಂದು ಗ್ರಾಮದ ಸಭೆಗೆ ಹೋಗಿದ್ದೆವು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಭೆಯ ಚರಿತ್ರೆಯನ್ನು ಬರೆದುಕೊಡಬೇಕೆಂದು ದಾಖಲೆ ಪುಸ್ತಕಗಳನ್ನು ತೆರೆದೆವು. ಸಮಾಧಿ ಪುಸ್ತಕದಲ್ಲಿ ತರುಣಿಯೊಬ್ಬಳ ಹೆಸರಿನ ಮುಂದೆ, ಕಾರಣದ ಅಂಕಣದಲ್ಲಿ, ‘ಆಕಸ್ಮಿಕ’ ಎಂದಿತ್ತು. ನಾವು ಅದನ್ನು ಹಾಗೆಯೇ ನಕಲು ಮಾಡಿಕೊಂಡೆವು. ಆ ರಾತ್ರಿ ನಮಗೆ ಊಟವಿಕ್ಕಿದ ಮುದುಕಿ, ಮನೆಯವರೆಲ್ಲ ಮಲಗಿದ ಮೇಲೆ, ಆ ಹುಡುಗಿ ಸಭೆಯಲ್ಲೇ ಇನ್ನೊಂದು ಮೂಲದ ಕುಟುಂಬದ ಹುಡುಗನನ್ನು ಮದುವೆಯಾಗಬಯಸಿದ್ದಳೆಂದೂ, ಎರಡು ಮನೆಗಳೂ ಒಂದೇ ಪಾತ್ರೆಯಿಂದ ಕರ್ತನ ಭೋಜನವನ್ನು ತೆಗೆದುಕೊಳ್ಳುತ್ತಿದ್ದರೂ ಸಂಬಂಧಕ್ಕೆ ಒಪ್ಪಲಿಲ್ಲವೆಂದೂ ಹೇಳಿದಳು. ಇನ್ನೂ ಏನನ್ನೋ ಹೇಳಹೊರಟು ನಿಲ್ಲಿಸಿದಳು. ನಾವು ಕೇಳಲಿಲ್ಲ. ಮರುದಿನ ಆರಾಧನೆಯಲ್ಲಿ ನಾವು ಪ್ರಾರ್ಥಿಸಿದೆವು, ಪ್ರಸಂಗ ಮಾಡಿದೆವು, ಏನನ್ನೂ ಅರಿಯದವರಂತೆ ಹಿಂದಿರುಗಿದೆವು. ನಾವು ಬರೆದುಕೊಟ್ಟ ಸಭಾಚರಿತ್ರೆಯಲ್ಲಿ ‘ಆಕಸ್ಮಿಕ’ ಎಂಬ ಪದವೇ ಉಳಿಯಿತು.

‘ಕುಸುಮಬಾಲೆ’ಯನ್ನು ಅತಿವಾಸ್ತವವೆಂದು ಕರೆದ ನಾವೇ ಆ ಪುಸ್ತಕವನ್ನು ವಾಸ್ತವವೆಂದು ಸ್ವೀಕರಿಸಿದ್ದೆವು. ಇವೆರಡರಲ್ಲಿ ಯಾವುದು ಹೆಚ್ಚು ಕಲ್ಪಿತವೆಂಬುದನ್ನು ಈಗ ಹೇಳಲು ನಮಗೆ ಅನುಮಾನವಿಲ್ಲ.

ಉಪಸಂಹಾರ

ಚರಿತ್ರೆಯನ್ನು ಬರೆಯುವವರೂ ಸಭೆಯನ್ನು ಪಾಲಿಸುವವರೂ ಒಂದೇ ಪುಸ್ತಕಗಳನ್ನು ಕಾಯುತ್ತಾರೆ: ದೀಕ್ಷಾಸ್ನಾನ, ಮದುವೆ, ಮರಣ. ಅವುಗಳ ಅಂಕಣಗಳಲ್ಲಿ ಹೆಸರು, ತಾರೀಕು, ಕಾರಣ ಮಾತ್ರ ಹಿಡಿಸುತ್ತವೆ. ಅದರಾಚೆಗಿನದು ಹಾಡಿನಲ್ಲೋ, ಕತೆಯಲ್ಲೋ, ಅಡಿಗೆಮನೆಯ ಮಾತಿನಲ್ಲೋ ಉಳಿದಿರುತ್ತದೆ. ಚಿಕ್ಕಲ್ಲೂರಿನ ಹಾಡುಗಾರರು ಅದನ್ನು ಶತಮಾನಗಳಿಂದ ಕಾಪಾಡಿದ್ದಾರೆ. ದೇವನೂರ ಮಹಾದೇವರು ಅದನ್ನು ಕಾದಂಬರಿಯಾಗಿಸಿದ್ದಾರೆ. ಈ ಸೀಮೆಗೆ ನೇಮಕವಾಗುವ ಸಭಾಪಾಲಕರು ಭಾಷೆಯನ್ನು ಕಲಿಯುವಂತೆ ಈ ಹಾಡುಗಳನ್ನೂ ಈ ಕೃತಿಯನ್ನೂ ಕಲಿಯಬೇಕೆಂದು ನಮ್ಮ ವಿನಂತಿ. ಪ್ರಸಂಗಕ್ಕೆ ಒಂದು ಉದಾಹರಣೆ ಸಿಕ್ಕೀತೆಂಬುದು ಅದರ ಕಾರಣವಲ್ಲ. ಸಭೆಯ ಗೋಡೆಯೊಳಗೆ ಯಾವ ಕಲ್ಲು ಕೂಗುತ್ತಿದೆ, ಯಾವ ತೊಲೆ ಉತ್ತರ ಕೊಡುತ್ತಿದೆ ಎಂಬುದನ್ನು ಕೇಳುವ ಕಿವಿ ಅದರಿಂದ ಬರುತ್ತದೆ.

ಮುಂದಿನ ರಜೆಯಲ್ಲಿ ನಾವು ಆ ಗ್ರಾಮಕ್ಕೆ ಮತ್ತೆ ಹೋಗಬೇಕೆಂದಿದ್ದೇವೆ. ಈ ಸಲ ದಾಖಲೆ ಪುಸ್ತಕವನ್ನು ಕೇಳುವ ಮೊದಲು ಆ ಮುದುಕಿಯ ಮನೆಗೆ ಹೋಗುತ್ತೇವೆ. ಅವಳು ಅಂದು ನಿಲ್ಲಿಸಿದ ಮಾತನ್ನು ಮುಂದುವರಿಸಬಯಸಿದರೆ, ದೀಪ ಆರಿಸುವವರೆಗೂ ಕುಳಿತು ಕೇಳುತ್ತೇವೆ.